ಜಯಚಾಮರಾಜ ಒಡೆಯರ ಪಿಯಾನೊ ಮತ್ತು ಕೃತಿಗಳು

ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜ ಒಡೆಯರಿಗೆ ಪಿಯಾನೊ ವಾದಕರಾಗಬೇಕೆಂಬ ಆಸೆಯಿತ್ತು. ಹವ್ಯಾಸಕ್ಕೆಂದು ನುಡಿಸುವುದಲ್ಲ, ಯುರೋಪಿನ ಸಭಾಂಗಣಗಳಲ್ಲಿ ಕಛೇರಿ ಕೊಡುವ ಕಲಾವಿದನ ಬಾಳು ಅವರ ಕನಸಾಗಿತ್ತು. 1940ರಲ್ಲಿ ಸಿಂಹಾಸನ ಎದುರಾಗಿ ಆ ಕನಸು ಅಲ್ಲಿಗೇ ನಿಂತಿತು. ಆದರೆ ಸಂಗೀತ ಅವರನ್ನು ಬಿಡಲಿಲ್ಲ. ಮುಂದೆ ಅದು ಎರಡು ಕವಲಾಗಿ ಹರಿಯಿತು. ಒಂದು ಕವಲು ಲಂಡನ್ನಿನ ವಾದ್ಯವೃಂದಗಳ ಕಡೆಗೆ, ಇನ್ನೊಂದು ಕರ್ನಾಟಕ ಸಂಗೀತದ ಕೃತಿರಚನೆಯ ಕಡೆಗೆ. ರಾಜಕೀಯ ಚರಿತ್ರೆಯಲ್ಲಿ ಅವರ ಹೆಸರು ಬಂದಾಗಲೆಲ್ಲ ವಿಲೀನ, ರಾಜಪ್ರಮುಖ, ರಾಜ್ಯಪಾಲ ಎಂಬ ಪದಗಳೇ ಮುಂದಾಗುತ್ತವೆ. ಅವರ ಬಾಳಿನ ನಿಜವಾದ ಕಸುಬು ಸಂಗೀತವೇ ಆಗಿತ್ತೆಂದು ತಿಳಿಯಲು ಆ ಎರಡೂ ಕವಲುಗಳ ಜಾಡು ಹಿಡಿಯಬೇಕು.

ಅವರು ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ಮೂವರು ಹೆಣ್ಣುಮಕ್ಕಳ ನಡುವೆ ಇವರೊಬ್ಬರೇ ಗಂಡು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮುಂದಿನ ಪಟ್ಟ ಯಾರ ಕಡೆಗೆ ಬರುತ್ತದೆಂಬುದು ಮನೆಯವರಿಗೆಲ್ಲ ತಿಳಿದದ್ದೇ.

ಮೈಸೂರು ಅರಮನೆಯಲ್ಲಿ ಸಂಗೀತ ಅಲಂಕಾರಕ್ಕಿದ್ದ ವಸ್ತುವಾಗಿರಲಿಲ್ಲ. ನಾಲ್ವಡಿಯವರು ವೀಣೆ, ಪಿಟೀಲು, ಕೊಳಲು, ಮೃದಂಗದ ಜೊತೆಗೆ ಪಿಯಾನೊ, ಸ್ಯಾಕ್ಸಫೋನುಗಳನ್ನೂ ನುಡಿಸಬಲ್ಲವರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಕರ್ನಾಟಕ ಸಂಗೀತದ ವಾದ್ಯವೃಂದವೂ ಇದ್ದವು. ಮೈಸೂರು ವಾಸುದೇವಾಚಾರ್ಯ, ವೀಣೆ ವೆಂಕಟಗಿರಿಯಪ್ಪ, ಪಿಟೀಲು ಚೌಡಯ್ಯ ಮುಂತಾದವರು ಆಸ್ಥಾನ ವಿದ್ವಾಂಸರಾಗಿದ್ದರು. ದೇಶದ ಬೇರೆ ಅರಮನೆಗಳಲ್ಲೂ ಇಂಗ್ಲಿಷ್ ಬ್ಯಾಂಡುಗಳಿದ್ದವು, ಆದರೆ ಅಲ್ಲಿ ಅವು ಹೆಚ್ಚಾಗಿ ಮೆರವಣಿಗೆಯ ಸದ್ದಿಗೆ ಮೀಸಲು. ಮೈಸೂರಿನಲ್ಲಿ ಬೀಥೋವನ್‌ನನ್ನೂ ತ್ಯಾಗರಾಜರನ್ನೂ ಒಂದೇ ಶ್ರದ್ಧೆಯಿಂದ ಕೇಳುವ ಕಿವಿ ಬೆಳೆದಿತ್ತು. ಅಂಥ ಮನೆಯ ಮಕ್ಕಳು ಪಿಯಾನೊ ಕಲಿತದ್ದರಲ್ಲಿ ಅಚ್ಚರಿಯಿಲ್ಲ. ಜಯಚಾಮರಾಜರ ತಂಗಿ ವಿಜಯಾದೇವಿಯವರೂ ಒಳ್ಳೆಯ ಪಿಯಾನೊ ವಾದಕಿಯಾಗಿ ಬೆಳೆದರು.

ಜಯಚಾಮರಾಜರು ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಚಿನ್ನದ ಪದಕಗಳೊಂದಿಗೆ ಪದವಿ ಪಡೆದರು. 1939ರಲ್ಲಿ ಯುರೋಪ್ ಪ್ರವಾಸ ಮಾಡಿದರು. ಅವರಿಗೆ ಆಗ 20 ವರ್ಷ. ಮರುವರ್ಷ ಮಾರ್ಚಿನಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ನಾಲ್ವಡಿಯವರೂ ಹೋದರು. ಐದು ತಿಂಗಳೊಳಗೆ ಎರಡು ಸಾವು. 1940ರ ಸೆಪ್ಟೆಂಬರ್ 8ರಂದು ಅವರ ಪಟ್ಟಾಭಿಷೇಕ ನಡೆಯಿತು. ಯುದ್ಧ ನಡೆಯುತ್ತಿದ್ದ ಕಾಲ, ಸಂಸ್ಥಾನದ ಹೊಣೆ ಹೆಗಲಿಗೆ ಬಿದ್ದಾಗಿತ್ತು. ಕಛೇರಿ ವೇದಿಕೆಯ ಮಾತು ಮತ್ತೆ ಏಳಲಿಲ್ಲ.

ಆದರೂ ಅವರು ಅಭ್ಯಾಸ ಬಿಡಲಿಲ್ಲ. ಪಟ್ಟಕ್ಕೆ ಬಂದ ಮೇಲೆಯೇ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಮಾಡಿಕೊಂಡಿತು. ಲೈಸೆನ್ಷಿಯೇಟ್ ಎಂಬುದು ವೃತ್ತಿಪರ ಸಂಗೀತಗಾರರು ಪಡೆಯುವ ಅರ್ಹತೆ. ರಾಜನೆಂಬ ಕಾರಣಕ್ಕೆ ಕೊರಳಿಗೆ ಹಾಕುವ ಹಾರ ಅದಲ್ಲ.

ಈ ಹೊತ್ತಿಗೆ ಅವರ ಮನಸ್ಸು ಒಬ್ಬ ರಷ್ಯನ್ ಸಂಗೀತಕಾರನ ಮೇಲೆ ನೆಟ್ಟಿತ್ತು. ಆತನ ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ದೊಡ್ಡ ಪಿಯಾನೊ ವಾದಕ, ಹೆಸರಾಂತ ಸಂಗೀತಕಾರ ರಾಖ್ಮನಿನೊವ್‌ನ ಗೆಳೆಯ. ಕ್ರಾಂತಿಯ ನಂತರ ರಷ್ಯ ಬಿಟ್ಟು ಅಲೆದು, 1930ರ ದಶಕದ ನಡುವಿನಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ. ಅವನ ಸಂಗೀತ ಕಾಲದ ರುಚಿಗೆ ಹಳತಾಗಿ ಕಂಡಿತ್ತು. ಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತು, ಕಾಯಿಲೆ ಸೇರಿಕೊಂಡು, ಆತ ಬಡತನದಲ್ಲಿದ್ದ. ಲಂಡನ್ನಿನವರೇ ಮರೆಯುತ್ತಿದ್ದ ಈ ಮುದುಕನ ನೆರವಿಗೆ ಬಂದದ್ದು ಮೈಸೂರು.

ಒಡೆಯರು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿದರು. ಆತನ ಸಂಗೀತವನ್ನೆಲ್ಲ ಧ್ವನಿಮುದ್ರಿಸಬೇಕು, ಸಾಧ್ಯವಾದಷ್ಟು ಆತನ ಕೈಯಲ್ಲೇ ನುಡಿಸಿ ಮುದ್ರಿಸಬೇಕು ಎಂಬುದು ಅದರ ಗುರಿ. ಈ ಕೆಲಸ ಎಷ್ಟು ದುಬಾರಿಯೆಂದು ತಿಳಿಯಬೇಕಾದರೆ ಆ ಕಾಲದ ತಟ್ಟೆಗಳನ್ನು ನೆನೆಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ಅರ್ಧ ಗಂಟೆ ಮೀರುವ ಒಂದು ಕನ್ಸರ್ಟೊಗೆ, ಅಂದರೆ ಒಂಟಿ ವಾದ್ಯವೂ ಪೂರ್ಣ ವಾದ್ಯವೃಂದವೂ ಕೂಡಿ ನುಡಿಸುವ ದೀರ್ಘ ರಚನೆಗೆ, ತಟ್ಟೆಗಳ ಕಟ್ಟೇ ಬೇಕಾಗುತ್ತಿತ್ತು. ಹತ್ತಾರು ವಾದಕರಿಗೆ ಸಂಭಾವನೆ ಬೇರೆ. ಮಾರಾಟವಾಗುವುದೆಂಬ ಭರವಸೆಯಿಲ್ಲದ ಸಂಗೀತಕ್ಕೆ ಯಾವ ಕಂಪನಿಯೂ ತಾನಾಗಿ ಕೈಹಾಕುವಂತಿರಲಿಲ್ಲ. ಮೈಸೂರಿನ ಹಣ ಬಂದದ್ದರಿಂದ ಎಚ್‌ಎಂವಿ ಆ ಕೆಲಸ ಹಿಡಿಯಿತು. ಮೆಟ್ನರ್ ತನ್ನ ಮೂರೂ ಕನ್ಸರ್ಟೊಗಳನ್ನು ತಾನೇ ಪಿಯಾನೊದ ಮುಂದೆ ಕುಳಿತು ಫಿಲ್‌ಹಾರ್ಮೊನಿಯಾ ವಾದ್ಯವೃಂದದೊಂದಿಗೆ ನುಡಿಸಿದ. ಸೊನಾಟಗಳು, ಚಿಕ್ಕ ರಚನೆಗಳು, ಹಾಡುಗಳು ಮುದ್ರಣವಾದವು. ಕೆಲವು ಹಾಡುಗಳನ್ನು ಹಾಡಿದಾಕೆ ಎಲಿಜಬೆತ್ ಶ್ವಾರ್ಟ್ಸ್‌ಕಾಫ್, ಮುಂದೆ ಜಗತ್ತೇ ತಲೆದೂಗಿದ ಗಾಯಕಿ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ಸ್ವಲ್ಪ ತಡವಾಗಿದ್ದರೂ ಆ ಬೆರಳುಗಳ ಸದ್ದು ಉಳಿಯುತ್ತಿರಲಿಲ್ಲ. ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಆತ ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. ಇಂದಿಗೂ ಆ ರಚನೆಯ ಜೊತೆ ಮೈಸೂರಿನ ಹೆಸರು ಅಚ್ಚಾಗಿ ಹೋಗುತ್ತದೆ.

ಈ ಮುದ್ರಣಗಳ ಹಿಂದಿದ್ದ ನಿರ್ಮಾಪಕ ವಾಲ್ಟರ್ ಲೆಗ್. 1945ರಲ್ಲಿ ಫಿಲ್‌ಹಾರ್ಮೊನಿಯಾ ವಾದ್ಯವೃಂದವನ್ನು ಕಟ್ಟಿದವನೂ ಅವನೇ. ಒಡೆಯರ ಆಹ್ವಾನದ ಮೇರೆಗೆ ಲೆಗ್ ಮೈಸೂರಿಗೆ ಬಂದು ಕೆಲವು ವಾರ ಇದ್ದ. ಅರಮನೆಯಲ್ಲಿದ್ದ ಧ್ವನಿಮುದ್ರಿಕೆಗಳ ಭಂಡಾರ, ಹಲವು ದೊಡ್ಡ ಪಿಯಾನೊಗಳು, ಇನ್ನೂ ಮೂವತ್ತು ತುಂಬದ ಆ ಅರಸನ ಸಂಗೀತಜ್ಞಾನ ಇವನ್ನೆಲ್ಲ ಕಂಡು ಬೆರಗಾದದ್ದನ್ನು ಆತ ಬರೆದಿಟ್ಟಿದ್ದಾನೆ. ಫಿಲ್‌ಹಾರ್ಮೊನಿಯಾಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಒಡೆಯರು ಒಪ್ಪಿದರೆಂದೂ ಆತನೇ ದಾಖಲಿಸಿದ್ದಾನೆ. 1948ರಲ್ಲಿ ಫಿಲ್‌ಹಾರ್ಮೊನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಒಡೆಯರು. ಮರುವರ್ಷ ಹರ್ಬರ್ಟ್ ಫಾನ್ ಕಾರಾಯಾನ್ ಇದೇ ವಾದ್ಯವೃಂದವನ್ನು ನಡೆಸಿ ರಷ್ಯದ ಬಲಾಕಿರೆವ್‌ನ ಮೊದಲ ಸಿಂಫನಿಯನ್ನೂ ಫ್ರಾನ್ಸಿನ ರುಸೆಲ್‌ನ ನಾಲ್ಕನೆಯ ಸಿಂಫನಿಯನ್ನೂ ಮುದ್ರಿಸಿದ. ಎರಡೂ ಜನ ಹೆಚ್ಚು ಕೇಳದ ರಚನೆಗಳು. ಎಲ್ಲರಿಗೂ ಗೊತ್ತಿದ್ದದ್ದನ್ನೇ ಮತ್ತೆ ಮುದ್ರಿಸಲು ಒಡೆಯರು ಹಣ ಕೊಡಲಿಲ್ಲ. ಕಿವಿಗೆ ಬೀಳದೆ ಉಳಿದದ್ದನ್ನು ಹುಡುಕಿ ಮುದ್ರಿಸಿದರು. ಅವರ ಪೋಷಣೆಯ ಹೆಚ್ಚುಗಾರಿಕೆ ಇರುವುದು ಇಲ್ಲಿ.

ಇನ್ನೊಂದು ಘಟನೆ ಸಂಗೀತ ಚರಿತ್ರೆಯಲ್ಲೇ ದೊಡ್ಡದು. ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್ 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ವಾದ್ಯವೃಂದದೊಂದಿಗೆ ಹಾಡುವ ಅವನ ನಾಲ್ಕು ಗೀತೆಗಳು ಇನ್ನೂ ವೇದಿಕೆ ಕಂಡಿರಲಿಲ್ಲ. ಸಾವಿನ ಹೊಸ್ತಿಲಲ್ಲಿ ನಿಂತವನ ಶಾಂತಿ ತುಂಬಿದ ಹಾಡುಗಳವು. ಅವುಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವನು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೊನಿಯಾ. ಖರ್ಚಿಗೆ ಭರವಸೆ ನಿಂತವರು ಜಯಚಾಮರಾಜ ಒಡೆಯರು. ಅವರು ಅಂದು ಅಲ್ಲಿರಲಿಲ್ಲ. ಕಛೇರಿಯನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು. ಆ ವರ್ಷದ ಜನವರಿ 26ರಿಂದ ಅವರು ರಾಜರಾಗಿರಲಿಲ್ಲ, ಭಾರತ ಗಣರಾಜ್ಯದ ಒಂದು ರಾಜ್ಯದ ರಾಜಪ್ರಮುಖರಾಗಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಷ್ಟೆಲ್ಲ ಲಂಡನ್ನಿನಲ್ಲಿ ನಡೆಯುವುದಕ್ಕೆ ಮುಂಚೆಯೇ ಒಡೆಯರು ಮೈಸೂರಿನಲ್ಲಿ ಇನ್ನೊಂದು ಕೆಲಸಕ್ಕೆ ಕುಳಿತಿದ್ದರು. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದ ಮೇಲೆ ಅವರು ಕರ್ನಾಟಕ ಸಂಗೀತದ ಶಾಸ್ತ್ರಕ್ಕೆ ಹೊರಳಿದರು. ವಾಸುದೇವಾಚಾರ್ಯರಿಂದ ಶಾಸ್ತ್ರದ ಪಾಠ, ವೆಂಕಟಗಿರಿಯಪ್ಪನವರಿಂದ ವೀಣೆಯ ಪಾಠ. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯೆಯ ದೀಕ್ಷೆ ಪಡೆದು ದೇವಿಯ ಉಪಾಸಕರಾದರು. ಈ ಮೂರರ ಕೂಡಿಕೆಯಿಂದ ಹುಟ್ಟಿದವು ಅವರ 94 ಕೃತಿಗಳು. ಹೆಚ್ಚಿನವು 1940ರ ದಶಕದ ನಡುವಿನವು. ಭಾಷೆ ಸಂಸ್ಕೃತ, ಅಂಕಿತ ‘ಶ್ರೀವಿದ್ಯಾ’.

ಒಂದು ರಾಗದಲ್ಲಿ ಒಂದೇ ಕೃತಿ ಎಂಬ ಕಟ್ಟುಪಾಡನ್ನು ಅವರು ತಾವಾಗಿ ಹಾಕಿಕೊಂಡಂತಿದೆ. ತೊಂಬತ್ತನಾಲ್ಕು ಕೃತಿಗಳೂ ಬೇರೆ ಬೇರೆ ರಾಗಗಳಲ್ಲಿವೆ. ಕೆಲವು ರಾಗಗಳಲ್ಲಿ ಮೊದಲ ಕೃತಿ ಅವರದೇ. ಅಠಾಣ, ಹಿಂದೋಳದಂಥ ಪರಿಚಿತ ರಾಗಗಳ ಪಕ್ಕದಲ್ಲೇ ವಿದ್ವಾಂಸರೂ ವಿರಳವಾಗಿ ಮುಟ್ಟುವ ರಾಗಗಳು ಬರುತ್ತವೆ. ರಚನೆಯ ಹದ ಮುತ್ತುಸ್ವಾಮಿ ದೀಕ್ಷಿತರನ್ನು ನೆನಪಿಗೆ ತರುತ್ತದೆ. ದೀಕ್ಷಿತರೂ ಶ್ರೀವಿದ್ಯೋಪಾಸಕರು, ಸಂಸ್ಕೃತದಲ್ಲಿ ಬರೆದವರು, ವೀಣೆ ಬಲ್ಲವರು. ಅವರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದ ಮಾತು ಕೂಡಿಸಿ ನೊಟ್ಟುಸ್ವರಗಳನ್ನು ಮಾಡಿದ್ದರು. ಪಿಯಾನೊದಲ್ಲೇ ಬೆಳೆದ ಒಡೆಯರು ಆ ದಾರಿ ತುಳಿಯಲಿಲ್ಲ. ಅವರ ಕೃತಿಗಳಲ್ಲಿ ಪಾಶ್ಚಾತ್ಯ ಮಟ್ಟುಗಳ ಬೆರಕೆ ಕಾಣುವುದಿಲ್ಲ. ಎರಡು ಸಂಗೀತಗಳನ್ನೂ ಆಳವಾಗಿ ಬಲ್ಲವರಾದ್ದರಿಂದಲೇ ಅವನ್ನು ಕಲಸುವ ಆತುರ ಅವರಿಗೆ ಇರಲಿಲ್ಲವೆನ್ನಬೇಕು. ಅಠಾಣ ರಾಗದ ‘ಶ್ರೀ ಮಹಾಗಣಪತಿಂ’, ಗಂಭೀರನಾಟದ ‘ಶ್ರೀ ಜಾಲಂಧರ’, ನಾದನಾಮಕ್ರಿಯೆಯ ‘ಶಿವ ಶಿವ ಶಿವ ಭೋ’ ಇಂದು ಕಛೇರಿಗಳಲ್ಲಿ ಕೇಳಿಬರುತ್ತವೆ. ಹಾಡಿದವರಿಗೂ ಕೇಳಿದವರಿಗೂ ಎಷ್ಟೋ ಸಲ ಇವು ಮಹಾರಾಜರ ರಚನೆಗಳೆಂದು ಗೊತ್ತೇ ಇರುವುದಿಲ್ಲ. ಅಂಕಿತವನ್ನು ಗುರುತಿಸಿದವರಿಗೆ ಮಾತ್ರ ತಿಳಿಯುತ್ತದೆ.

ಮೈಸೂರು ಅರಸರಲ್ಲಿ ಹಾಡು ಬರೆದವರು ಇವರೇ ಮೊದಲಲ್ಲ. ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿ ‘ಗೀತಗೋಪಾಲ’ವಿದೆ. ಆದರೆ ಸ್ವರ, ಸಾಹಿತ್ಯ ಎರಡನ್ನೂ ಇಷ್ಟು ಶಾಸ್ತ್ರೀಯ ಬಿಗಿಯಲ್ಲಿ, ಇಷ್ಟೊಂದು ರಾಗಗಳಲ್ಲಿ ಕಟ್ಟಿದ ವಾಗ್ಗೇಯಕಾರ ಆ ವಂಶದಲ್ಲಿ ಇನ್ನೊಬ್ಬರಿಲ್ಲ.

ಈ ರಚನೆಗಳ ಕಾಲ ನೆಮ್ಮದಿಯ ಕಾಲವಾಗಿರಲಿಲ್ಲ. 1947ರ ಆಗಸ್ಟ್ 9ರಂದು ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಹಾಕಿದರು. ಜನರಿಗೆ ಉತ್ತರ ಹೇಳಬೇಕಾದ ಜವಾಬ್ದಾರಿ ಸರ್ಕಾರ ಮಾತ್ರ ಕೂಡಲೇ ಬರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದು, ಜನ ಬೀದಿಗಿಳಿದು ಜೈಲು ತುಂಬಿದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಅರಸರ ಸಂಗೀತಪ್ರೇಮವನ್ನು ಹೊಗಳುವಾಗ ಈ ದಿನಗಳನ್ನು ಬದಿಗಿಡುವುದು ನ್ಯಾಯವಲ್ಲ. ಅಧಿಕಾರ ಬಿಟ್ಟುಕೊಡಬೇಕಾದ ಹೊತ್ತು ಬಂದ ಮೇಲೆ ಅವರು ತೋರಿದ ಘನತೆಯನ್ನು ಮರೆಯುವುದೂ ನ್ಯಾಯವಲ್ಲ.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ರೂಪುಗೊಂಡಾಗ ಒಡೆಯರು ಅದರ ಮೊದಲ ರಾಜ್ಯಪಾಲರಾದರು.

1964ರವರೆಗೆ ಅವರು ಆ ಹುದ್ದೆಯಲ್ಲಿದ್ದರು. ನಂತರ 1966ರವರೆಗೆ ಮದರಾಸಿನ ರಾಜ್ಯಪಾಲರು. ಈ ವರ್ಷಗಳಲ್ಲಿ ಅವರ ಆಸಕ್ತಿ ತತ್ತ್ವಶಾಸ್ತ್ರದ ಕಡೆಗೆ ವಾಲಿತು. ದತ್ತಾತ್ರೇಯ ತತ್ತ್ವ, ಗೀತೆ, ಭಾರತೀಯ ಸೌಂದರ್ಯಮೀಮಾಂಸೆ ಕುರಿತು ಇಂಗ್ಲಿಷಿನಲ್ಲಿ ಬರೆದರು. ಸಾಯಣಭಾಷ್ಯದೊಡನೆ ಋಗ್ವೇದವನ್ನು ಕನ್ನಡಕ್ಕೆ ತಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಹಿಂದಿನ ಬಲ ಅವರೇ. ಮೂವತ್ತಕ್ಕೂ ಹೆಚ್ಚು ಸಂಪುಟಗಳ ಆ ಕೆಲಸ ಕನ್ನಡಕ್ಕೆ ಸಿಕ್ಕ ದೊಡ್ಡ ಆಸ್ತಿ. 1966ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಅವರನ್ನು ಫೆಲೋ ಆಗಿ ಆರಿಸಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 55.

ಅದೇ ವರ್ಷ ತಂಗಿ ವಿಜಯಾದೇವಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದರು. ಪಾಶ್ಚಾತ್ಯ, ಭಾರತೀಯ ಎರಡೂ ಸಂಗೀತಕ್ಕೆ ವೇದಿಕೆ ಕೊಡುವ ಅರಮನೆಯ ಪದ್ಧತಿ ಹೀಗೆ ಊರಿನ ನಡುವೆ ಮುಂದುವರಿಯಿತು. ಮೆಟ್ನರ್‌ನ ತಟ್ಟೆಗಳು ಕಾಲ ಸರಿದಂತೆ ಸಿ.ಡಿ.ಗಳಾಗಿ ಮರುಹುಟ್ಟು ಪಡೆದವು. ಮೆಟ್ನರ್‌ನನ್ನು ಹೊಸದಾಗಿ ಕಲಿಯುವ ಪಿಯಾನೊ ವಾದಕರಿಗೆ ಅವು ಈಗ ಮೂಲ ಆಕರ. ಒಡೆಯರ ಕೃತಿಗಳ ಪಾಡು ಇಷ್ಟು ಚೆನ್ನಾಗಿಲ್ಲ. ತೊಂಬತ್ತನಾಲ್ಕರಲ್ಲಿ ಮತ್ತೆ ಮತ್ತೆ ಹಾಡುವುದು ಬೆರಳೆಣಿಕೆಯಷ್ಟನ್ನೇ, ಅಪರೂಪದ ರಾಗಗಳವು ಬಹುಪಾಲು ಪುಸ್ತಕದಲ್ಲೇ ಉಳಿದಿವೆ. ಸ್ವರಲಿಪಿ ಇದೆ, ಹಾಡಬಲ್ಲ ವಿದ್ವಾಂಸರೂ ಇದ್ದಾರೆ. ಬೇಕಾಗಿರುವುದು ಪಾಠದ ಪಟ್ಟಿಯಲ್ಲಿ ಇವಕ್ಕೆ ಜಾಗ ಕೊಡುವ ಗುರುಗಳು.