ಬಿಸಿಲು-ಮಳೆಗಳ ನಡುವೆ ಸೊಗಸುಗಾರ

ಸೆಪ್ಟೆಂಬರ್ ತಿಂಗಳ ಕೊನೆಯ ಒಂದು ಮುಂಜಾನೆ. ಬೆಂಗಳೂರಿನ ಆಕಾಶ ತೊಳೆದಿಟ್ಟ ತಟ್ಟೆಯಂತೆ ನಿರ್ಮಲವಾಗಿದೆ. ರಾತ್ರಿಯ ರೈಲಿನಲ್ಲಿ ದಾವಣಗೆರೆಯ ಕಡೆಯಿಂದ ಬಂದಿಳಿದ ತರುಣನೊಬ್ಬ ನೆಂಟರ ಮನೆಯಲ್ಲಿ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ತಿಳಿಬೂದು ಬಣ್ಣದ ಷರಾಯಿಯನ್ನೂ ಬಿಳಿಯ ಅಂಗಿಯನ್ನೂ ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾನೆ. ಮಧ್ಯಾಹ್ನ ಮೂರು ಗಂಟೆಗೆ ಸಂದರ್ಶನ. ನಾಲ್ಕು ಜನರ ಎದುರು ಉಡುವಂಥ ಬಟ್ಟೆ ಅವನಲ್ಲಿ ಇರುವುದು ಅದೊಂದೇ ಜೊತೆ.

“ಕೊಡೆ ತೆಗೆದುಕೊಂಡು ಹೋಗಪ್ಪ” ಎನ್ನುತ್ತಾರೆ ಮನೆಯ ಹಿರಿಯಾಕೆ.

“ಇಂಥ ಬಿಸಿಲಿನಲ್ಲಿ ಕೊಡೆ ಏತಕ್ಕೆ, ದೊಡ್ಡಮ್ಮ?” ಎಂದು ನಕ್ಕು ಅವನು ಹೊರಡುತ್ತಾನೆ.

ಎರಡೂವರೆಗೆ ಮೋಡ ಕವಿಯುತ್ತದೆ. ಎರಡೂ ಮುಕ್ಕಾಲಿಗೆ ರಸ್ತೆ ಹೊಳೆಯಾಗುತ್ತದೆ. ಮೂರು ಗಂಟೆಗೆ, ಹವಾನಿಯಂತ್ರಿತ ಕೋಣೆಯಲ್ಲಿ, ತೊಯ್ದು ಮೈಗಂಟಿದ ಅಂಗಿಯೊಳಗೆ ನಡುಗುತ್ತ ಕುಳಿತವನ ವಿದ್ಯೆಯೆಲ್ಲ ನಾಲಗೆಯ ತುದಿಯವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ.

ಈ ತರುಣನಿಗೆ ಹೆಸರಿಡಬೇಕಾದ ಅಗತ್ಯವಿಲ್ಲ. ವರ್ಷವರ್ಷವೂ ಶರದೃತು ಕಾಲಿಡುವಾಗ ಇಂಥವರು ಎಷ್ಟೋ ಮಂದಿ. “ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂದಿದ್ದಾರೆ ಹಿರಿಯರು. ಪರರ ನೋಟವೇ ಬದುಕಿನ ಬಾಗಿಲನ್ನು ತೆರೆಯುವ ಅಥವಾ ಮುಚ್ಚುವ ಗಳಿಗೆಗಳು ಪ್ರತಿಯೊಬ್ಬ ಗಂಡಸಿನ ಬಾಳಿನಲ್ಲಿಯೂ ಬರುತ್ತವೆ. ಆದುದರಿಂದ ಉಡುಪಿನ ಸೊಗಸನ್ನು ಬರಿಯ ಷೋಕಿಯೆಂದು ತಳ್ಳಿಹಾಕುವಂತಿಲ್ಲ.

ಕುರುಡು ಚಿತ್ತೆಯ ಕಾಲ

ಕವಿಗಳು ವರ್ಣಿಸುವ ಶರತ್ಕಾಲವೇ ಬೇರೆ. ತಿಳಿಯಾದ ನದಿಗಳು, ಬೆಳ್ಮುಗಿಲು, ಹಾಲು ಚೆಲ್ಲಿದಂಥ ಬೆಳದಿಂಗಳು! ಅದು ಬಹುಮಟ್ಟಿಗೆ ಉತ್ತರದ ಬಯಲುಗಳ ಶರತ್ತು. ದಕ್ಷಿಣದ ಪ್ರಸ್ಥಭೂಮಿಯಲ್ಲಿ ಕಥೆ ತಿರುಗುಮುರುಗಾಗಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜೂನ್, ಜುಲೈಗಳಿಗಿಂತ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿಯೇ ಹೆಚ್ಚು ಮಳೆ; ಸೆಪ್ಟೆಂಬರ್ ಒಂದರಲ್ಲಿಯೇ ಸರಾಸರಿ 200 ಮಿಲಿಮೀಟರಿನಷ್ಟು ಬೀಳುತ್ತದೆ. ಅದೂ ಮಲೆನಾಡಿನ ಜಡಿಮಳೆಯಂತೆ ದಿನವಿಡೀ ಹಿಡಿಯುವುದಲ್ಲ. ಮುಂಜಾನೆಯ ಬಿಸಿಲು ನೆಲವನ್ನು ಕಾಯಿಸುತ್ತದೆ. ಬಿಸಿಯಾದ ತೇವದ ಗಾಳಿ ಮೇಲೇರಿ ಮೋಡಗಟ್ಟುತ್ತದೆ. ಮಧ್ಯಾಹ್ನವೋ ಸಂಜೆಯೋ ಗುಡುಗು ಸಿಡಿಲುಗಳೊಡನೆ ಸುರಿದು ಹೋಗುತ್ತದೆ. ಬಸವನಗುಡಿಯಲ್ಲಿ ಹೊಳೆ ಹರಿಯುತ್ತಿರುವಾಗ ಮಲ್ಲೇಶ್ವರದಲ್ಲಿ ಹಪ್ಪಳ ಒಣಗುತ್ತಿರುವುದೂ ಉಂಟು. ಅಕ್ಟೋಬರ್‌ನ ನಡುವೆ ಬರುವ ಚಿತ್ತೆ ಮಳೆಯನ್ನು ನಮ್ಮ ರೈತರು “ಕುರುಡು ಚಿತ್ತೆ” ಎಂದು ಕರೆದದ್ದು ಸುಮ್ಮನೆ ಅಲ್ಲ. ಎಲ್ಲಿ ಎರಚುವುದೋ, ಎಲ್ಲಿ ಬಿಡುವುದೋ ಅದಕ್ಕೇ ತಿಳಿಯದು!

ಹೀಗಾಗಿ ಒಂದೇ ದಿನದಲ್ಲಿ ಮನುಷ್ಯ ಮೂರು ಋತುಗಳನ್ನು ಹಾದುಹೋಗಬೇಕಾಗುತ್ತದೆ. ಬೆಳಗಿನ ಛಳಿ, ನಡುಹಗಲಿನ ಸೆಕೆ, ಸಂಜೆಯ ಮಳೆ. ಇವುಗಳ ಜೊತೆಗೆ ಮೆಟ್ರೊ ಗಾಡಿಯಲ್ಲಿಯೂ ಕಚೇರಿಯಲ್ಲಿಯೂ ಯಂತ್ರವು ಹುಟ್ಟಿಸುವ ನಾಲ್ಕನೆಯ ಋತು ಬೇರೆ.

ಔಚಿತ್ಯವೇ ಅಲಂಕಾರ

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಸಾರಿದ. ಅಲಂಕಾರವು ತನ್ನ ಸ್ಥಾನದಲ್ಲಿದ್ದರೆ ಶೋಭೆ. ಸ್ಥಾನ ತಪ್ಪಿದರೆ ನಗೆಗೀಡು. ಉಡುಪಿನ ವಿಷಯದಲ್ಲಿ ಸ್ಥಾನದೊಡನೆ ಕಾಲವನ್ನೂ ಸೇರಿಸಿಕೊಳ್ಳಬೇಕು. ಬೆಳಿಗ್ಗೆ ಎಂಟಕ್ಕೆ ಸೊಗಸಾಗಿದ್ದು ಸಂಜೆ ಐದಕ್ಕೆ ಅವಲಕ್ಷಣವಾಗುವ ಉಡುಪು, ಎಷ್ಟೇ ಬೆಲೆ ಬಾಳಲಿ, ಉಚಿತವಾದ ಉಡುಪಲ್ಲ. ಅನಿಶ್ಚಿತ ಹವೆಯಲ್ಲಿ ನಿಜವಾದ ಸೊಗಸುಗಾರನೆಂದರೆ ಮನೆಯಿಂದ ಹೊರಟಂತೆಯೇ ಮನೆಗೆ ಮರಳುವವನು.

ಈ ಕಲೆಯನ್ನು ಕಲಿಯುವುದಕ್ಕೆ ಮನುಷ್ಯ ಬಹಳ ಕಾಲ ಒದ್ದಾಡಿದ್ದಾನೆ. 1750ರ ದಶಕದಲ್ಲಿ ಪರ್ಷಿಯ ದೇಶವನ್ನು ಸುತ್ತಿ ಬಂದ ಜೋನಾಸ್ ಹ್ಯಾನ್ವೇ ಎಂಬಾತ ಲಂಡನ್ನಿನ ಬೀದಿಗಳಲ್ಲಿ ಕೊಡೆ ಹಿಡಿದು ನಡೆದಾಗ ಜನ ಅವನನ್ನು ಗೇಲಿ ಮಾಡಿದರು. ಕೊಡೆ ಹೆಂಗಸರ ವಸ್ತು, ಗಂಡಸಿಗೆ ಅವಮಾನ ಎಂಬುದು ಅಂದಿನ ಭಾವನೆ. ಮಳೆ ಬಂದರೆ ತಮಗೆ ಸಂಪಾದನೆಯೆಂದು ನಂಬಿದ್ದ ಬಾಡಿಗೆಗಾಡಿಯವರಿಗಂತೂ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಹ್ಯಾನ್ವೇ ಮಾತ್ರ ಸುಮಾರು ಮೂವತ್ತು ವರ್ಷ ಕೊಡೆಯನ್ನು ಬಿಡಲಿಲ್ಲ. 1786ರಲ್ಲಿ ಅವನು ತೀರಿಕೊಂಡ ಮೇಲೆ ಅದೇ ಕೊಡೆ ಇಂಗ್ಲಿಷ್ ಸಭ್ಯಗೃಹಸ್ಥನ ಲಕ್ಷಣವೆನಿಸಿತು! ಇಂದಿಗೂ ಕೊಡೆ ಹಿಡಿಯಲು ನಾಚುವ ತರುಣರು ಈ ಕಥೆಯನ್ನು ನೆನೆಯುವುದು ಒಳ್ಳೆಯದು.

1823ರಲ್ಲಿ ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಪದರ ಬಟ್ಟೆಯ ನಡುವೆ ಕರಗಿಸಿದ ರಬ್ಬರನ್ನು ಲೇಪಿಸಿ ನೀರು ಇಳಿಯದ ಬಟ್ಟೆಗೆ ಹಕ್ಕುಪತ್ರ ಪಡೆದ. ನೀರೇನೋ ಒಳಕ್ಕೆ ಬರಲಿಲ್ಲ. ಆದರೆ ಬೆವರು ಹೊರಕ್ಕೂ ಹೋಗಲಿಲ್ಲ. ಇಂದು ಸ್ಕೂಟರ್ ಸವಾರರು ತೊಡುವ ಅಗ್ಗದ ಪ್ಲಾಸ್ಟಿಕ್ ಮಳೆಯಂಗಿಯ ತೊಂದರೆಯೂ ಇದೇ. 1879ರಲ್ಲಿ ಬೇಸಿಂಗ್‌ಸ್ಟೋಕ್ ಊರಿನ ಥಾಮಸ್ ಬರ್ಬರಿ ಬೇರೊಂದು ದಾರಿ ಹಿಡಿದ. ನೇಯ್ಗೆಗೆ ಮೊದಲೇ ನೂಲಿಗೆ ನೀರು ಹಿಡಿಯದಂತೆ ಸಂಸ್ಕಾರ ಕೊಟ್ಟು, ಒತ್ತಾಗಿ ನೇಯ್ದು ಗ್ಯಾಬರ್ಡೀನ್ ಎಂಬ ಬಟ್ಟೆಯನ್ನು ಸಿದ್ಧಪಡಿಸಿದ. ಅದು ಮಳೆಯನ್ನು ತಡೆಯಿತು, ಮೈಯ ಆವಿಯನ್ನು ಬಿಟ್ಟುಕೊಟ್ಟಿತು. ನಮ್ಮ ಕುರುಬರ ಕಂಬಳಿಯ ಕೊಪ್ಪೆಯೂ ಮಲೆನಾಡಿನ ಗೊರಬೂ ಇದೇ ತತ್ತ್ವವನ್ನು ಬಹು ಹಿಂದಿನಿಂದಲೂ ಬಲ್ಲವು. ನೀರು ಮೇಲೆ ಜಾರಬೇಕು. ಒಳಗೆ ಗಾಳಿ ಆಡಬೇಕು.

ಬಟ್ಟೆಯ ಗುಣ, ಬಣ್ಣದ ಗುಣ

ಹತ್ತಿಬಟ್ಟೆ ನಮ್ಮ ಸೆಕೆಗೆ ಹಿತಕರ. ಆದರೆ ನೆನೆದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೂಲಿನ ಎಡೆಯಲ್ಲಿದ್ದ ಗಾಳಿಯ ಜಾಗವನ್ನು ನೀರು ಆಕ್ರಮಿಸಿ ಮೈಯ ಕಾವನ್ನು ಹೀರುತ್ತದೆ. ಪಾಲಿಯೆಸ್ಟರ್ ಎಳೆ ನೀರನ್ನು ಬಹುಮಟ್ಟಿಗೆ ಹೀರುವುದೇ ಇಲ್ಲ. ಬೇಗ ಒಣಗುತ್ತದೆ, ಆದರೆ ಸೆಕೆಯಲ್ಲಿ ಮೈಗೆ ಹಿತವಲ್ಲ. ಇವೆರಡನ್ನು ಬೆರೆಸಿದ ಟೆರಿಕಾಟ್ ಕೈಯಲ್ಲಿ ಹೆಚ್ಚು ಹಣವಿಲ್ಲದವನ ಮಿತ್ರ. ತೆಳು ಉಣ್ಣೆಯಾದರೋ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಒಳಗೆ ಸೇರಿಸಿಕೊಂಡರೂ ಒದ್ದೆಯೆನಿಸದು. ಮಡಿಕೆಯೂ ಬೇಗ ಕೆಡದು. ಉಣ್ಣೆ ಎಂದೊಡನೆ ಛಳಿಗಾಲವನ್ನೇ ನೆನೆಯುವುದು ತಪ್ಪು ತಿಳಿವಳಿಕೆ.

ಉಡುಪನ್ನು ಒಂದೇ ದಪ್ಪ ಕವಚವಾಗಿ ತೊಡದೆ ತೆಳುವಾದ ಪದರಗಳಾಗಿ ತೊಡುವುದು ಈ ಕಾಲದ ಮುಖ್ಯ ಸೂತ್ರ. ಒಳಗೊಂದು ತೆಳು ಬನಿಯನ್ನು, ಮೇಲೆ ಅಂಗಿ, ಅದರ ಮೇಲೆ ತೋಳಿಲ್ಲದ ಜಾಕೀಟು ಅಥವಾ ಅಸ್ತರಿ ಕಡಮೆಯಿರುವ ಹಗುರ ಕೋಟು. ಸೆಕೆಯಾದರೆ ಕೋಟು ತೋಳಿನ ಮೇಲೆ. ಕಚೇರಿಯ ತಂಪಿನಲ್ಲಿ ಮತ್ತೆ ಹೆಗಲಿಗೆ. ಪಂಚೆಯುಟ್ಟು ಶಲ್ಯ ಹೊದೆಯುತ್ತಿದ್ದ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಛಳಿಯಾದರೆ ಶಲ್ಯ ಮೈತುಂಬ, ಸೆಕೆಯಾದರೆ ಹೆಗಲ ಮೇಲೊಂದು ಮಡಿಕೆ, ಕೆಸರು ಕಂಡರೆ ಪಂಚೆ ಮೊಣಕಾಲಿನವರೆಗೆ!

ಬಣ್ಣದಲ್ಲಿಯೂ ವಿವೇಕ ಬೇಕು. ತಿಳಿಬೂದು, ತಿಳಿನೀಲಿಗಳ ಮೇಲೆ ಒಂದೊಂದು ಹನಿಯೂ ಕಪ್ಪಾಗಿ ಕಾಣುತ್ತದೆ. ಆ ತರುಣನ ಷರಾಯಿಯ ಮೊದಲ ದೋಷ ಅದೇ. ಕಡುನೀಲಿ, ಇದ್ದಿಲು ಬಣ್ಣಗಳು ನೀರಿನ ಕಲೆಯನ್ನು ಮುಚ್ಚುತ್ತವೆ. ಬಿಳಿಯ ಅಂಗಿ ತೊಯ್ದರೆ ಒಳಗಿನದೆಲ್ಲ ಕಾಣುವುದರಿಂದ ಜಾಕೀಟೊಂದು ಮಾನ ಕಾಯುತ್ತದೆ. ಷರಾಯಿಯ ಅಂಚು ಬೂಟಿನ ಮೇಲೆ ಕುಳಿತರೆ ಸಾಕು. ನೆಲ ಗುಡಿಸಿದರೆ ಕೆಸರಿಗೆ ಆಮಂತ್ರಣ ಕೊಟ್ಟಂತೆ. ಚರ್ಮದ ಬೂಟು ನೆನೆದರೆ ಬೆಂಕಿಯ ಬಳಿಯಾಗಲಿ ಬಿಸಿಲಿನಲ್ಲಾಗಲಿ ಇಡಬಾರದು, ಚರ್ಮ ಬಿರಿಯುತ್ತದೆ. ಒಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ ನೆರಳಿನಲ್ಲಿ ಒಣಗಿಸಿ, ಅನಂತರ ಪಾಲಿಷ್ ಹಚ್ಚಬೇಕು.

ಇವುಗಳಲ್ಲಿ ಯಾವುದಕ್ಕೂ ಐಶ್ವರ್ಯ ಬೇಡ. ಬೇಕಾದದ್ದು ಹಿಂದಿನ ರಾತ್ರಿಯ ಅರ್ಧ ಗಂಟೆಯ ಯೋಚನೆ. ಮಡಿಸುವ ಕೊಡೆಯೊಂದು, ಒಣ ಕರವಸ್ತ್ರಗಳೆರಡು, ಕಾಲುಚೀಲದ ಬದಲಿ ಜೊತೆಯೊಂದು ಚೀಲದಲ್ಲಿದ್ದರೆ ಕುರುಡು ಚಿತ್ತೆಯ ಅರ್ಧ ಬಲ ಅಲ್ಲಿಯೇ ಕುಗ್ಗಿತು.

ಇದೇ ಋತುವಿನ ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. 1962ರಲ್ಲಿ ನೂರು ದಾಟಿ ತೀರಿಕೊಂಡ ಆ ಹಿರಿಯರನ್ನು ನೆನೆದರೆ ಕಣ್ಣಮುಂದೆ ನಿಲ್ಲುವುದು ಮೈಸೂರು ಪೇಟ, ಒಪ್ಪವಾದ ಕೋಟು, ನೇರ ನಿಲುವು. ಇಳಿವಯಸ್ಸಿನಲ್ಲಿಯೂ ಉಡುಪಿನ ಅಚ್ಚುಕಟ್ಟನ್ನು ಅವರು ಸಡಲಿಸಲಿಲ್ಲ. ಎದುರಿನವರ ಬಗೆಗೂ ಕೈಹಿಡಿದ ಕೆಲಸದ ಬಗೆಗೂ ಇರುವ ಗೌರವ ಉಡುಪಿನಲ್ಲಿ ಕಾಣಬಹುದು ಎಂಬುದಕ್ಕೆ ಅವರ ನಿಲುವೇ ಸಾಕ್ಷಿ.

ಹೆಸರಿಲ್ಲದ ಆ ತರುಣನಿಗೆ ಇನ್ನೊಂದು ಸಂದರ್ಶನ ಬಂದೇ ಬರುತ್ತದೆ. ಅಂದೂ ಆಕಾಶ ತೊಳೆದಿಟ್ಟಂತೆಯೇ ಇರಬಹುದು. ಷರಾಯಿ ಮಾತ್ರ ಕಡುನೀಲಿ. ಅಂಗಿಯ ಮೇಲೊಂದು ಜಾಕೀಟು. ಬಾಗಿಲ ಬಳಿ ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಅವನ ಕೈ ಮೊಳೆಗೆ ತೂಗುಹಾಕಿದ ಕೊಡೆಯತ್ತ ಹೋಗುತ್ತದೆ.