ಮಂಡಿಯ ಉಳುಕು: ಒಳಗಿನ ಪೆಟ್ಟನ್ನು ಕಡೆಗಣಿಸಬಾರದು

ಲೋಕಲ್ ಗಾಡಿಯಿಂದ ಅವಸರದಲ್ಲಿ ಇಳಿಯುವಾಗಲೋ, ರಜೆಯ ದಿನ ಕಬಡ್ಡಿ ಆಡುವಾಗಲೋ, ಪಾದವು ನೆಲಕ್ಕೆ ಊರಿದ್ದಂತೆಯೇ ಮೈ ತಿರುಗಿದರೆ ಮಂಡಿ ತಿರುಚಿಕೊಳ್ಳುತ್ತದೆ. 'ಟಪ್' ಎಂಬ ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ, ಅದನ್ನು ಬರಿಯ ಉಳುಕೆಂದು ಭಾವಿಸಿ ಎಣ್ಣೆ ತಿಕ್ಕುವುದು ಸಲ್ಲದು. ಇಷ್ಟು ಬೇಗ ಬರುವ ಊತಕ್ಕೆ ಕೀಲಿನೊಳಗಿನ ರಕ್ತಸ್ರಾವವೇ ಬಹುಮಟ್ಟಿಗೆ ಕಾರಣ.

ಮಂಡಿಯ ಎಲುಬುಗಳನ್ನು ಲಿಗಮೆಂಟ್ ಎಂಬ ನಾಲ್ಕು ಮುಖ್ಯ ಅಸ್ಥಿರಜ್ಜುಗಳು ಬಿಗಿದಿವೆ. ಇವುಗಳಲ್ಲಿ ಎರಡು ಪಕ್ಕಗಳಲ್ಲಿವೆ. ಇನ್ನೆರಡು ಕೀಲಿನ ನಡುವೆ ಕತ್ತರಿಯಂತೆ ಒಂದನ್ನೊಂದು ಹಾಯ್ದಿವೆ. ತೊಡೆಯ ಎಲುಬಿಗೂ ಕೆಳಗಾಲಿನ ಎಲುಬಿಗೂ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳುಂಟು. ಮೆನಿಸ್ಕಸ್ ಎನಿಸಿಕೊಳ್ಳುವ ಇವು ದೇಹದ ಭಾರವನ್ನು ಹಂಚಿ, ಎಲುಬಿನ ತುದಿಯ ನುಣುಪಾದ ಮೃದ್ವಸ್ಥಿಯನ್ನು ಕಾಯುತ್ತವೆ.

ನಡುವಿನ ಮುಂದಿನ ರಜ್ಜು ಹರಿದಾಗ ಪೆಟ್ಟು ಅಲ್ಲಿಗೇ ನಿಲ್ಲುವುದು ವಿರಳ. ಮುಂದಿನ ರಜ್ಜು, ಒಳಪಕ್ಕದ ರಜ್ಜು ಮತ್ತು ಒಳಮೆತ್ತೆ ಮೂರೂ ಒಟ್ಟಿಗೆ ಹರಿಯುವುದನ್ನು ಅಮೆರಿಕದ ಶಸ್ತ್ರವೈದ್ಯ ಓಡೊನಹ್ಯೂ 1950ರಲ್ಲಿ ವರ್ಣಿಸಿದರು. ಹೊಸ ಗಾಯದಲ್ಲಿ ಹೊರಮೆತ್ತೆಯೇ ಹೆಚ್ಚಾಗಿ ಹರಿದಿರುತ್ತದೆಂಬುದು ಅನಂತರದ ಪರೀಕ್ಷೆಗಳಿಂದ ತಿಳಿದುಬಂದಿತು. ಎಲುಬಿನೊಳಗೂ ಜಜ್ಜುಗಾಯವಾಗಿರುವುದು ಸಾಮಾನ್ಯ. ಇವಾವುವೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂ.ಆರ್.ಐ. ಚಿತ್ರದಲ್ಲಿ ಕಾಣುತ್ತವೆ.

ಊತ ಇಳಿದೊಡನೆ ಗುಣವಾಯಿತೆಂದು ಕೆಲಸಕ್ಕೆ ಮರಳುವವರು ಬಹಳ. ಆದರೆ ರಜ್ಜು ಸಡಿಲಗೊಂಡ ಮಂಡಿ ಮೆಟ್ಟಿಲಿಳಿಯುವಾಗ, ತಿರುಗುವಾಗ ಮತ್ತೆ ಮತ್ತೆ ಜಾರುತ್ತದೆ. ಪ್ರತಿ ಜಾರಿಗೂ ಒಳಮೆತ್ತೆ ಹರಿಯುವ ಸಂಭವ ಹೆಚ್ಚು. ಕ್ರಮೇಣ ಮೃದ್ವಸ್ಥಿಯೂ ಸವೆಯುತ್ತದೆ.

ಮೆತ್ತೆಯ ಹೊರ ಅಂಚಿಗೆ ಮಾತ್ರ ರಕ್ತಸಂಚಾರವಿರುವುದರಿಂದ ಅಲ್ಲಿಯ ಹರಿತ ಹೊಲಿದರೆ ಕೂಡಿಕೊಳ್ಳಬಲ್ಲದು. ಒಳಭಾಗದ್ದು ಕೂಡುವುದು ಕಷ್ಟ. ಹಿಂದೆ ಹರಿದ ಮೆತ್ತೆಯನ್ನು ಪೂರ್ತಿಯಾಗಿ ತೆಗೆದುಹಾಕುತ್ತಿದ್ದರು. ಅಂಥ ಮಂಡಿಗಳಲ್ಲಿ ಕೀಲು ಸವೆಯುವ ಗುರುತುಗಳನ್ನು ಫೇರ್‌ಬ್ಯಾಂಕ್ 1948ರಲ್ಲಿಯೇ ತೋರಿಸಿದ್ದರು. ಆದುದರಿಂದ ಇಂದು ಸಾಧ್ಯವಾದಷ್ಟೂ ಮೆತ್ತೆಯನ್ನು ಉಳಿಸಿಕೊಳ್ಳುವುದೇ ವೈದ್ಯರ ಗುರಿ.

ಪೆಟ್ಟಾದೊಡನೆ ನಡೆಯುವುದನ್ನು ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡಬೇಕು. ಎಲಾಸ್ಟಿಕ್ ಪಟ್ಟಿಯನ್ನು ಹಿತವಾಗಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಬೇಕು. ಮಂಡಿ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಕಾಲೂರಲಾಗದಿದ್ದರೆ, ಪಾದ ತಣ್ಣಗಾದರೆ ಅಥವಾ ಜೋಮುಹಿಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗುವುದು ಅಗತ್ಯ.

ಹರಿದ ಪ್ರತಿಯೊಂದು ಮಂಡಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ವಯಸ್ಸು, ಕೆಲಸ, ಮಂಡಿಯ ಸ್ಥಿರತೆಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾತ್ರ ಎರಡು ದಾರಿಯಲ್ಲಿಯೂ ತಪ್ಪದು. ಬೆಳಗ್ಗೆ ರೈಲು ಹಿಡಿದು, ರಾತ್ರಿ ಮೂರು ಮಾಳಿಗೆ ಹತ್ತಬೇಕಾದ ನಗರವಾಸಿಗೆ ಸಕಾಲದ ಒಂದು ಪರೀಕ್ಷೆ ಮುಂದಿನ ಎಷ್ಟೋ ವರ್ಷಗಳ ನಡಿಗೆಯನ್ನು ಉಳಿಸಿಕೊಟ್ಟೀತು.