ನೂರೆಂಟು ಮಿಲಿಮೀಟರಿನ ಕುಳಿ

ಯಲಹಂಕ ನ್ಯೂ ಟೌನಿನ ನಮ್ಮ ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗಿಗೆ ಗಾಲ್ಫ್ ಹುಚ್ಚು ಹತ್ತಿದ್ದು ಟೀವಿ ನೋಡಿ. ಅಪ್ಪನಿಗೆ ವಿಮಾನ ನಿಲ್ದಾಣದಲ್ಲಿ ಪಾಳಿ ಕೆಲಸ. ಅಮ್ಮನಿಗೆ ಆ ಆಟದ ತಲೆಬುಡ ತಿಳಿಯದು. ‘ನೀವು ಪೇಪರಿಗೆ ಬರೀತೀರಲ್ಲ ಅಂಕಲ್, ಒಳ್ಳೆ ಸ್ಕೂಲು ಯಾವುದು ಅಂತ ನೋಡ್ಕೊಂಡು ಬನ್ನಿ’ ಎಂದು ನನ್ನನ್ನೇ ಜೊತೆ ಮಾಡಿ ಕಳಿಸಿದರು. ಕೋಲು ಹಿಡಿದು ನಾನು ಆಡಿದ್ದು ಚಿನ್ನಿದಾಂಡು ಒಂದೇ.

ಯಲಹಂಕ, ಹೆಬ್ಬಾಳದ ಕಡೆಯವರಿಗೆ ಬಳ್ಳಾರಿ ರಸ್ತೆಯೇ ದಿಕ್ಕು. ದಕ್ಷಿಣಕ್ಕೆ ಇಳಿದು ಮೇಖ್ರಿ ಸರ್ಕಲ್ ದಾಟಿದರೆ ಸ್ಯಾಂಕಿ ರಸ್ತೆಯಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್. ಉತ್ತರಕ್ಕೆ ಹೋದರೆ ನಂದಿಬೆಟ್ಟದ ತಪ್ಪಲಿನಲ್ಲಿ ಗಾಲ್ಫ್‌ಶೈರ್. ಹೆಬ್ಬಾಳದಲ್ಲಿ ರಿಂಗ್ ರಸ್ತೆ ಹಿಡಿದು ತಾಳ್ಮೆ ಇದ್ದಷ್ಟು ದೂರ ಸಾಗಿದರೆ ದೊಮ್ಮಲೂರಿನ ಆಚೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್. ಈ ದೊಡ್ಡ ಮೈದಾನಗಳಲ್ಲದೆ ಅಲ್ಲಲ್ಲಿ ಬಲೆ ಕಟ್ಟಿದ ಪುಟ್ಟ ರೇಂಜುಗಳೂ ಇವೆ. ನಾವು ಅಂಥವನ್ನು ನೋಡಲು ಹೊರಟೆವು.

ಮೊದಲು ಹೋದ ಕಡೆ ಹುಡುಗಿಯ ಕೈಗೆ ನೇರವಾಗಿ ಡ್ರೈವರ್ ಕೊಟ್ಟರು. ಗಾಲ್ಫಿನಲ್ಲಿ ಎಲ್ಲಕ್ಕಿಂತ ಉದ್ದದ ಕೋಲು ಅದು, ದೂರಕ್ಕೆ ಹೊಡೆಯಲು. ದೊಡ್ಡವರ ಅಳತೆಯದು ಬೇರೆ. ಅವಳು ಬೀಸಿದಳು, ಕೋಲು ಅವಳನ್ನೇ ಬೀಸಿತು, ಚೆಂಡು ಇದ್ದಲ್ಲೇ ಇತ್ತು. ಗೋಡೆಯ ಮೇಲಿನ ದೊಡ್ಡ ಪರದೆ ಮಾತ್ರ ಏನೇನೋ ವೇಗ, ಏನೇನೋ ಕೋನ ಎಂದು ಅಂಕಿ ತೋರಿಸುತ್ತಿತ್ತು. ಹತ್ತು ನಿಮಿಷದೊಳಗೆ ಮೂರು ತಿಂಗಳ ಪ್ಯಾಕೇಜಿನ ಕಾಗದ ಮುಂದೆ ಬಂತು. ನೀರು ಕುಡಿದು ಎದ್ದೆವು.

ಎರಡನೆಯ ಕಡೆ ಸಿಕ್ಕ ಮೇಷ್ಟ್ರಿಗಾಗಿಯೇ ಈ ಲೇಖನ. ಐವತ್ತು ದಾಟಿದ ವಯಸ್ಸು, ಬಿಸಿಲಿಗೆ ಕಂದಿದ ಟೋಪಿ, ದಂಡು ಪ್ರದೇಶದ ತಮಿಳು ಬೆರೆತ ಕನ್ನಡ. ಹುಡುಗನಾಗಿದ್ದಾಗ ಕ್ಯಾಡಿ ಆಗಿದ್ದವರು. ಸಾಹೇಬರ ಚೀಲ ಹೊತ್ತೇ ಆಟ ಕಲಿತವರು. ಮೈದಾನಕ್ಕೆ ರಜೆಯಿದ್ದ ದಿನ ಕ್ಯಾಡಿ ಹುಡುಗರೆಲ್ಲ ಸೇರಿ, ಯಾರೋ ಬಿಸಾಕಿದ ಒಂದೇ ಐರನ್ನಿನಲ್ಲಿ ಸರದಿಯಂತೆ ಹೊಡೆಯುತ್ತಿದ್ದರಂತೆ. ‘ಒಂದೇ ಕೋಲು ಸಾರ್, ದೂರಕ್ಕೂ ಅದೇ, ಹತ್ತಿರಕ್ಕೂ ಅದೇ. ಅದಕ್ಕೇ ಕೈ ಬುದ್ಧಿ ಕಲೀತು’ ಎಂದರು.

ಹುಡುಗಿಯನ್ನು ಕೇಳಿದ ಮೊದಲ ಪ್ರಶ್ನೆ: ‘ಗೋಲಿ ಆಡ್ತೀಯಾಮ್ಮ?’ ಇಲ್ಲ ಎಂದಳು. ನನ್ನ ಕಡೆ ತಿರುಗಿದರು. ನಾನು ಆಡಿದ್ದೆ, ಶಾಲೆ ತಪ್ಪಿಸಿ. ‘ಹಂಗಾದ್ರೆ ನಿಮಗೆ ಅರ್ಧ ಗಾಲ್ಫ್ ಬರುತ್ತೆ’ ಎಂದು ಇಬ್ಬರ ಕೈಗೂ ಚೆಂಡನ್ನು ಕುಳಿಗೆ ಉರುಳಿಸುವ ಕೋಲು, ಪಟರ್ ಕೊಟ್ಟರು. ಹುಡುಗಿಯದು ಅವಳ ಎತ್ತರಕ್ಕೆ ಕತ್ತರಿಸಿ ಹಿಡಿ ಸುತ್ತಿದ್ದು. ಕುಳಿಯಿಂದ ಒಂದು ಹೆಜ್ಜೆ ದೂರದಲ್ಲಿ ಸುತ್ತಲೂ ಹತ್ತು ಚೆಂಡು ಇಟ್ಟರು, ದೇವರ ಮುಂದೆ ಹಣತೆ ಇಟ್ಟ ಹಾಗೆ. ಹತ್ತೂ ಒಳಗೆ ಬಿದ್ದರೆ ಇನ್ನೊಂದು ಹೆಜ್ಜೆ ಹಿಂದೆ. ಒಂದು ತಪ್ಪಿದರೂ ಮೊದಲಿಂದ. ತಲೆ ಎತ್ತಬೇಡ, ಬಿದ್ದದ್ದನ್ನು ಕಿವಿಯಲ್ಲಿ ಕೇಳು ಎಂಬುದಷ್ಟೇ ಪಾಠ. ಮುಕ್ಕಾಲು ಗಂಟೆ ಅದೇ ನಡೆಯಿತು. ನಾನು ಏಳಕ್ಕೆ ನಿಂತೆ. ಅವಳು ಮೂರು ಹೆಜ್ಜೆ ಹಿಂದಕ್ಕೆ ಹೋದಳು.

ಆ ಕುಳಿಯ ಅಗಲ ಜಗತ್ತಿನ ಎಲ್ಲ ಗಾಲ್ಫ್ ಮೈದಾನಗಳಲ್ಲೂ ಒಂದೇ: 108 ಮಿಲಿಮೀಟರ್. ನಮ್ಮವರಿಗೆ ಅಷ್ಟೋತ್ತರ ಎಂದು ನೆನಪಿಟ್ಟುಕೊಳ್ಳುವುದು ಸುಲಭ. ಹದಿನೆಂಟು ಕುಳಿಗಳ ಆಟಕ್ಕೆ ಪಾರ್, ಅಂದರೆ ನಿಗದಿಯ ಹೊಡೆತಗಳ ಲೆಕ್ಕ, 72 ಎಂದರೆ ಪ್ರತಿ ಕುಳಿಗೂ ಎರಡು ಪಟ್ ಎಂದು ಲೆಕ್ಕ ಹಿಡಿದಿರುತ್ತಾರೆ. ಅಲ್ಲಿಗೆ 36 ಹೊಡೆತ, ಅಂದರೆ ಅರ್ಧ ಆಟ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ. ಮೇಷ್ಟ್ರ ಗೋಲಿಯ ಮಾತು ತಮಾಷೆಯಲ್ಲ.

ಬೆಂಗಳೂರಿನದೇ ಸಾಕ್ಷಿ ಬೇಕೆಂದರೆ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್. ಮನೆಯಲ್ಲಿ ಗಾಲ್ಫ್ ಆಡುವವರು ಯಾರೂ ಇರಲಿಲ್ಲ. ತಿಂಡಿಗೆ ಹೋಗುತ್ತಿದ್ದ ಹೋಟೆಲಿನ ಪಕ್ಕದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ರೇಂಜು ಕಂಡು, ಐದನೆಯ ವಯಸ್ಸಿಗೆ ಆಟ ಶುರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅಪ್ಪ ಕ್ಯಾಡಿ, ಟೋಕಿಯೋದಲ್ಲಿ ಅಮ್ಮ. ಆಗ ವಿಶ್ವದಲ್ಲಿ 200ನೇ ಸ್ಥಾನದಲ್ಲಿದ್ದವರು. ಕೋವಿಡ್ ಬಂದು ಹೋಗಿ ಹೊಡೆತದ ದೂರವೂ ತಗ್ಗಿತ್ತು. ಆದರೂ ಪಟರ್ ಒಂದನ್ನೇ ನಂಬಿಕೊಂಡು ನಾಲ್ಕೂ ದಿನ ಪದಕದ ಸುತ್ತಲೇ ಇದ್ದರು. 2021ರ ಆಗಸ್ಟ್ 7ರಂದು ಆಟ ಮುಗಿದಾಗ ಒಟ್ಟಾರೆ ಪಾರ್‌ಗಿಂತ 15 ಕಡಿಮೆ; ಕಂಚು ಗೆದ್ದ ಲಿಡಿಯಾ ಕೋ 16 ಕಡಿಮೆ. ಒಂದು ಹೊಡೆತ! ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್ನಿನಲ್ಲಿ ಚಿನ್ನ ಗೆದ್ದಿದ್ದರಿಂದ ಈ ನಾಲ್ಕನೇ ಸ್ಥಾನ ಪೇಪರಿನ ಒಳಪುಟಕ್ಕೆ ಸರಿಯಿತು. ಪಟರ್ ಕೈಕೊಡುವುದೂ ಉಂಟು. ಬೆಂಗಳೂರನ್ನೇ ನೆಲೆ ಮಾಡಿಕೊಂಡಿದ್ದ ಅನಿರ್ಬನ್ ಲಾಹಿರಿ 2015ರ ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಕೊನೆಯ ಕುಳಿಯ ಬಳಿ ತಪ್ಪಿಸಿಕೊಂಡದ್ದು ಸುಮಾರು ನಾಲ್ಕಡಿಯ ಪಟ್.

ಚರಿತ್ರೆ ಹೇಳದೆ ಪರಿಚಯ ಲೇಖನ ಮುಗಿಯಬಾರದಲ್ಲ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ದಂಡಿನ ಬ್ರಿಟಿಷರ ಕಾಲದಲ್ಲಿ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವನ್ನು ರೂಪಿಸಿದ್ದು ಬ್ರಿಟಿಷ್ ಓಪನ್ ಐದು ಸಲ ಗೆದ್ದ ಪೀಟರ್ ಥಾಮ್ಸನ್. ಕೆಳಗಿನ ನೆಲ ಚಲ್ಲಘಟ್ಟ ಕೆರೆಯದು. ಕೆರೆ ಕಳೆದುಕೊಂಡ ಊರಿನವನಾಗಿ ಆ ಹಸಿರು ನೋಡಿದಾಗ ನನಗೆ ಪೂರ್ತಿ ಸಂತೋಷವಾಗುವುದಿಲ್ಲ.

ಇಂಥ ಮೈದಾನಗಳ ಗೇಟು ಯಾರಿಗೆ ತೆರೆಯುತ್ತದೆ ಎಂಬ ಮಾತಿಗೆ ಬರುತ್ತೇನೆ. ಬಿಡದಿಯ ಈಗಲ್‌ಟನ್ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ದೇಶದ ವೃತ್ತಿಪರ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದದ್ದು, ಲಾಹಿರಿಗೂ ಕಲಿಸಿದ ಕೋಚ್ ವಿಜಯ್ ದಿವೇಚಾ ಅವನ ಕೈಚಳಕ ಕಂಡು ಒಳಗೆ ಕರೆದುಕೊಂಡಿದ್ದರಿಂದ. ಶಾಲೆ ಆರಿಸುವವರು ಮೊದಲು ಕೇಳಬೇಕಾದದ್ದು ಇದನ್ನೇ: ಬಲೆಯೊಳಗಿನ ಚಾಪೆಯಿಂದ ಮಗುವನ್ನು ನಿಜವಾದ ಹುಲ್ಲಿನ ಮೇಲೆ, ಹದಿನೆಂಟು ಕುಳಿಯ ಮೈದಾನಕ್ಕೆ ಯಾವಾಗ ಕರೆದೊಯ್ಯುತ್ತೀರಿ, ಯಾವ ಕ್ಲಬ್ಬಿಗೆ? ಇದಕ್ಕೆ ಉತ್ತರ ತಡವರಿಸಿದರೆ ಪರದೆ ಎಷ್ಟು ದೊಡ್ಡದಿದ್ದರೂ ಅಷ್ಟೇ. ಕೋಚ್‌ಗೆ ನ್ಯಾಷನಲ್ ಗಾಲ್ಫ್ ಅಕಾಡೆಮಿಯ ಪ್ರಮಾಣಪತ್ರ ಇದೆಯೇ ಎಂದೂ ಕೇಳಿ. ಕೋಲುಗಳನ್ನು ಈಗಲೇ ಕೊಳ್ಳಬೇಡಿ. ಮಕ್ಕಳು ಬೆಳೆಯುತ್ತಾರೆ, ಕೋಲು ಬೆಳೆಯುವುದಿಲ್ಲ.

ಯಾವಾಗ, ಯಾವ ಕ್ಲಬ್ಬಿಗೆ ಎಂಬ ಪ್ರಶ್ನೆಯನ್ನು ನಮ್ಮ ಮೇಷ್ಟ್ರಿಗೂ ಕೇಳಿದೆ. ಟೋಪಿ ತೆಗೆದು ತಲೆ ಕೆರೆದುಕೊಂಡರು. ಚೀಲ ಹೊತ್ತು ಒಳಗೆ ಹೋದವರೇ ಹೊರತು ಸದಸ್ಯರಾಗಿ ಅಲ್ಲ. ಹಳೆಯ ಪರಿಚಯದವರು ಅತಿಥಿಯೆಂದು ಕರೆದಾಗ ಒಂದಿಬ್ಬರು ಮಕ್ಕಳನ್ನು ಕರೆದೊಯ್ಯುತ್ತಾರಂತೆ. ಅವರ ರೇಂಜಿನ ಜಾಗವೂ ಬಾಡಿಗೆಯದು, ವರ್ಷ ವರ್ಷದ ಕರಾರು. ಹುಡುಗಿಯ ಅಮ್ಮನಿಗೆ ಎರಡನ್ನೂ ಮುಚ್ಚಿಡದೆ ಹೇಳಿದೆ. ಅಲ್ಲೇ ಸೇರಿಸಿದರು.

ವಾರದ ಉಳಿದ ದಿನ ಅವಳ ಅಭ್ಯಾಸ ನಮ್ಮ ಬೀದಿಯ ಖಾಲಿ ಸೈಟಿನಲ್ಲಿ. ಹೂತಿಟ್ಟ ತೆಂಗಿನ ಚಿಪ್ಪೇ ಕುಳಿ. ಅಳೆದು ನೋಡಿದರೆ ಹೆಚ್ಚುಕಡಿಮೆ ಅದೇ ಅಗಲ. ಕಳೆದ ವಾರ ಸೈಟಿಗೆ ಎರಡು ಲೋಡ್ ಜಲ್ಲಿ ಬಂದು ಬಿತ್ತು. ಚಿಪ್ಪನ್ನು ಕಿತ್ತು ಕಾಂಪೌಂಡಿನ ಮೂಲೆಗೆ ಹೂತಿದ್ದಾಳೆ. ಅಲ್ಲಿ ಮೂರು ಹೆಜ್ಜೆ ಜಾಗ ಇನ್ನೂ ಇದೆ.